ತೆಗೆದರೆ ಜಾಗ ಬಿಡಬೇಕು: ಆಪ್ಟ್, ಸ್ನ್ಯಾಪ್, ಫ್ಲಾಟ್‌ಪ್ಯಾಕ್

ಮಂಡ್ಯದ ನನ್ನ ಡಿಟಿಪಿ ಅಂಗಡಿಯ ಲ್ಯಾಪ್‌ಟಾಪ್‌ನಲ್ಲಿರುವುದು 120 ಜಿಬಿಯ ಎಸ್‌ಎಸ್‌ಡಿ. ಮದುವೆ ಸೀಸನ್ ಬಂತೆಂದರೆ ಲಗ್ನಪತ್ರಿಕೆಗಳ ಕಡತಗಳೇ ಅದನ್ನು ತುಂಬಿಬಿಡುತ್ತವೆ. ಹಾಗಾಗಿ ಉಬುಂಟು ಲಿನಕ್ಸ್‌ನಲ್ಲಿ ಒಂದು ತಂತ್ರಾಂಶವನ್ನು ತೆಗೆದಾಗ ಎಷ್ಟು ಜಾಗ ಮರಳಿ ಸಿಗುತ್ತದೆ ಎಂಬುದೇ ನನಗೆ ಮುಖ್ಯ. ಅಲ್ಲಿ ತಂತ್ರಾಂಶ ಹಾಕಲು, ತೆಗೆಯಲು ಆಪ್ಟ್, ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಎಂಬ ಮೂರು ದಾರಿಗಳಿವೆ; ಆ ಲೆಕ್ಕದಲ್ಲಿ ನನ್ನ ಮತ ಆಪ್ಟ್‌ಗೆ.

ಚಿತ್ರ ತಿದ್ದುವ ಗಿಂಪ್ ಅನ್ನು ಮೊದಲು ಸ್ನ್ಯಾಪ್ ಮೂಲಕ ಹಾಕಿಕೊಂಡಿದ್ದೆ. ಬಾರ್ಡರು, ಹೂಬಳ್ಳಿಗಳ ಬ್ರಷ್‌ಗಳನ್ನೆಲ್ಲ ಅದರ ಫೋಲ್ಡರಿನಲ್ಲೇ ತುಂಬಿಸಿದ್ದೆ. ಜಾಗ ಸಾಲದೆ ಬಂದಾಗ ಅದನ್ನು ತೆಗೆದರೆ ಡಿಸ್ಕ್ ಬಳಕೆ ತಿಳಿಸುವ ‘ಡಿಎಫ್’ ಆದೇಶ ತೋರಿಸುವ ಅಂಕಿ ಅಂದುಕೊಂಡಷ್ಟು ಇಳಿಯಲೇ ಇಲ್ಲ. ಕಾರಣ ಇಷ್ಟು: ಸ್ನ್ಯಾಪ್ ಯಾವುದನ್ನಾದರೂ ತೆಗೆಯುವಾಗ ಬಳಕೆದಾರರ ದತ್ತಾಂಶದ ಒಂದು ಪ್ರತಿಯನ್ನು ತಾನಾಗಿಯೇ ತೆಗೆದಿಟ್ಟು, 31 ದಿನ ಕಾಪಾಡುತ್ತದೆ. ‘ಸ್ನ್ಯಾಪ್ ಸೇವ್ಡ್’ ಎಂದು ಕೊಟ್ಟಾಗ ಆ ಪಟ್ಟಿ ಕಾಣಿಸಿತು; ಅಲ್ಲಿಯ ಸಂಖ್ಯೆ ಹಿಡಿದು ‘ಸ್ನ್ಯಾಪ್ ಫರ್ಗೆಟ್’ ಕೊಟ್ಟ ಮೇಲೆಯೇ ಡಿಸ್ಕ್ ಹಗುರವಾದದ್ದು. ತೆಗೆಯುವಾಗಲೇ ‘ಪರ್ಜ್’ ಆಯ್ಕೆ ಸೇರಿಸಿದರೆ ಈ ತಾಪತ್ರಯವಿಲ್ಲ.

ಕೈತಪ್ಪಿ ತೆಗೆದವರಿಗೆ ಆ ಪ್ರತಿ ನಿಜಕ್ಕೂ ಉಪಕಾರಿ, ಅದನ್ನು ಒಪ್ಪುತ್ತೇನೆ. ಆದರೆ ಹೊಸ ಆವೃತ್ತಿ ಬಂದ ಮೇಲೂ ಸ್ನ್ಯಾಪ್ ಹಳೆಯದನ್ನು ಇಟ್ಟುಕೊಳ್ಳುತ್ತದೆ. ಎಷ್ಟು ಇಡಬೇಕೆಂಬ ಮಿತಿಯನ್ನು ಎರಡಕ್ಕಿಂತ ಕೆಳಗೆ ಇಳಿಸಲು ಬಿಡುವುದಿಲ್ಲ. ಸಣ್ಣ ಡಿಸ್ಕಿನವರಿಗೆ ಇದು ದುಬಾರಿ.

ಆಪ್ಟ್ ಕೂಡ ‘ರಿಮೂವ್’ ಎಂದರೆ ಸಿಸ್ಟಮ್ ಮಟ್ಟದ ಸಂರಚನಾ ಕಡತಗಳನ್ನು ಉಳಿಸುತ್ತದೆ. ಆಪ್ಟ್‌ನ ಅಡಿಯಲ್ಲಿ ಕೆಲಸ ಮಾಡುವ ‘ಡಿಪಿಕೆಜಿ’ಯ ಪಟ್ಟಿಯಲ್ಲಿ ಸಾಲಿನ ಮೊದಲಿಗೆ ‘ಆರ್‌ಸಿ’ ಎಂದು ಬರುವುದು ಅವೇ. ಅವು ಸಾಮಾನ್ಯವಾಗಿ ಕೆಲವು ಕೆಬಿಗಳಷ್ಟೇ; ‘ಪರ್ಜ್’ ಕೊಟ್ಟರೆ ಅವೂ ಹೋಗುತ್ತವೆ. ‘ಆಟೊರಿಮೂವ್’ ಕೊಟ್ಟರೆ ಜೊತೆಗೆ ತಾನಾಗಿಯೇ ಬಂದು ಈಗ ಬೇರಾವುದಕ್ಕೂ ಬೇಡವಾದ ಪ್ಯಾಕೇಜುಗಳು ಹೋಗುತ್ತವೆ, ‘ಕ್ಲೀನ್’ ಕೊಟ್ಟರೆ ಇಳಿಸಿಕೊಂಡ ಪ್ಯಾಕೇಜುಗಳ ಸಂಗ್ರಹ ಖಾಲಿಯಾಗುತ್ತದೆ. ಏನೇನು ಹೋಗಲಿದೆ, ಎಷ್ಟು ಎಂಬಿ ಜಾಗ ಮರಳಿ ಸಿಗಲಿದೆ ಎಂದು ಮೊದಲೇ ತೋರಿಸಿ ಒಪ್ಪಿಗೆ ಕೇಳುವುದು ನನಗೆ ತುಂಬ ಹಿಡಿಸಿದ ಗುಣ. ಆ ಪಟ್ಟಿಯನ್ನು ಓದದೆ ‘ವೈ’ ಒತ್ತಬೇಡಿ. ಹೋಮ್ ಫೋಲ್ಡರಿನಲ್ಲಿರುವ ನಿಮ್ಮ ಸೆಟ್ಟಿಂಗ್‌ಗಳನ್ನು ಮಾತ್ರ ಆಪ್ಟ್ ಮುಟ್ಟುವುದಿಲ್ಲ, ಅವನ್ನು ಕೈಯಾರೆ ಅಳಿಸಬೇಕು.

ಫ್ಲಾಟ್‌ಪ್ಯಾಕ್ ಮಧ್ಯಮ. ಒಂದೇ ತಂತ್ರಾಂಶಕ್ಕಾಗಿ ದೊಡ್ಡ ರನ್‌ಟೈಮ್ (ತಂತ್ರಾಂಶ ಓಡಲು ಬೇಕಾದ ಕಡತಗಳ ಗುಚ್ಛ) ಇಳಿಯುತ್ತದೆ. ಅದು ಯಾವ ತಂತ್ರಾಂಶಕ್ಕೂ ಬೇಡವಾದ ಮೇಲೆ ‘ಅನ್‌ಯೂಸ್ಡ್’ ಆಯ್ಕೆಯಿಂದ ಅದನ್ನು ತೆಗೆಯಬಹುದು.

500 ಜಿಬಿ ಡಿಸ್ಕ್ ಇದ್ದು, ಹೊಸ ಆವೃತ್ತಿಯೇ ಬೇಕೆನ್ನುವವರು ಸ್ನ್ಯಾಪ್‌ನಲ್ಲೇ ಇರಲಿ. ಹೊಸ ಡಿಸ್ಕಿಗೆ ದುಡ್ಡು ಹಾಕುವ ಸ್ಥಿತಿಯಲ್ಲಿ ನಾನಿಲ್ಲ, ಗಿಂಪ್ ಒಂದು ಆವೃತ್ತಿ ಹಿಂದಿದ್ದರೂ ಲಗ್ನಪತ್ರಿಕೆಗೆ ಧಾರಾಳವಾಗಿ ಸಾಕು. ಉಬುಂಟು 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ಆಗಿಯೇ ಬರುವುದರಿಂದ ಅದೊಂದನ್ನು ಹಾಗೆಯೇ ಬಿಟ್ಟು, ಗಿಂಪ್, ರೇಖಾಚಿತ್ರದ ಇಂಕ್‌ಸ್ಕೇಪ್, ಪುಟವಿನ್ಯಾಸದ ಸ್ಕ್ರೈಬಸ್ ಮೂರನ್ನೂ ಆಪ್ಟ್‌ನಲ್ಲೇ ಹಾಕಿಕೊಂಡಿದ್ದೇನೆ.