ಮೈಮಾಪ್ ಫಾರಂ: ಅಳೆಯೋದನ್ನು ಕಲಿಯುವ ತಂಡಕ್ಕೆ ಒಳ್ಳೆಯ ಶುರು

ಯೋಗ, ಅಕ್ಯುಪಂಕ್ಚರ್, ಮಸಾಜ್, ಧ್ಯಾನ ಇವನ್ನೆಲ್ಲ ಮಾಮೂಲಿ ವೈದ್ಯಕೀಯದ ಜೊತೆ ಸೇರಿಸಿ ಕೊಡುವ ಕೇಂದ್ರಗಳಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಇದರಿಂದ ಯಾರಿಗಾದರೂ ನಿಜವಾಗಿ ಪ್ರಯೋಜನ ಆಗ್ತಿದೆಯಾ? "ಬಂದವರೆಲ್ಲ ಖುಷಿಯಾಗಿದ್ದಾರೆ" ಅನ್ನುವುದು ಉತ್ತರ ಅಲ್ಲ. ಅಳೆದು ತೋರಿಸಬೇಕು. ಅದೂ ಹೊರಗಿನ ತಜ್ಞರು ಬಂದು ವರದಿ ಬರೆದುಕೊಟ್ಟು ಹೋಗುವುದಲ್ಲ, ಅಲ್ಲೇ ದಿನಾ ಕೆಲಸ ಮಾಡುವವರಿಗೆ ಅಳೆಯೋದು ಗೊತ್ತಿರಬೇಕು. ಅದನ್ನು ಕಲಿಯೋಕೆ ನಮ್ಮ ತಂಡ ಬಳಸುತ್ತಿರುವುದು ಮೈಮಾಪ್ (MYMOP) ಅನ್ನುವ ಪ್ರಶ್ನಾವಳಿ.

ಇದನ್ನು ರೂಪಿಸಿದವರು ಬ್ರಿಟನ್ನಿನ ವೈದ್ಯೆ ಷಾರ್ಲೆಟ್ ಪ್ಯಾಟರ್ಸನ್. 1996ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ತುಂಬಾ ಚಿಕ್ಕದು. ತನ್ನನ್ನು ಜಾಸ್ತಿ ಕಾಡುತ್ತಿರುವ ಒಂದೋ ಎರಡೋ ತೊಂದರೆಗಳನ್ನು ರೋಗಿಯೇ ತನ್ನ ಮಾತಲ್ಲಿ ಬರೆಯಬೇಕು, ಅದರಿಂದ ಮಾಡಲಾಗದೆ ಇರುವ ಒಂದು ಕೆಲಸ ಹೇಳಬೇಕು, ಕೊನೆಗೆ ಒಟ್ಟಾರೆ ಹೇಗಿದ್ದೇನೆ ಅಂತ ತಿಳಿಸಬೇಕು. ಪ್ರತಿಯೊಂದಕ್ಕೂ ಕಳೆದ ಒಂದು ವಾರ ಹೇಗಿತ್ತು ಅಂತ ನೋಡಿ 0ರಿಂದ 6ರವರೆಗೆ ಅಂಕ. 0 ಅಂದರೆ ಚೆನ್ನಾಗಿದೆ, 6 ಅಂದರೆ ತೀರಾ ಕೆಟ್ಟದಾಗಿದೆ. ಚಿಕಿತ್ಸೆ ನಡೆದ ಮೇಲೆ ಇದನ್ನೇ ಮತ್ತೆ ತುಂಬಿಸಿ, ಅಂಕ ಇಳಿದಿದೆಯಾ ಅಂತ ನೋಡುವುದು.

ನನಗೆ ತುಂಬಾ ಇಷ್ಟವಾಗಿದ್ದು ಆ ಕೆಲಸದ ಪ್ರಶ್ನೆ. ತೊಂದರೆಯ ಜಾಗದಲ್ಲಿ "ಭುಜ ನೋವು" ಅಂತ ಎರಡೇ ಪದ ಬರೆದವರು, ಕೆಲಸದ ಜಾಗದಲ್ಲಿ "ತಲೆ ಬಾಚಿಕೊಳ್ಳೋಕೆ ಕೈ ಎತ್ತಲಾಗಲ್ಲ" ಅಂತ ಬರೆಯುತ್ತಾರೆ. ಅಲ್ಲಿಗೆ ಏನನ್ನು ಅಳೆಯಬೇಕು ಅನ್ನುವುದು ಚಿಕಿತ್ಸೆ ಕೊಡುವವರಿಗೂ ಸ್ಪಷ್ಟವಾಗುತ್ತದೆ. ಮೌಲ್ಯಮಾಪನ ಅಂದ ಕೂಡಲೇ ದೂರ ಸರಿಯುತ್ತಿದ್ದ ನಮ್ಮ ಯೋಗ ಶಿಕ್ಷಕರು ಈಗ ತಾವೇ ಹಳೇ ಫಾರಂ ತೆಗೆದು ಹೊಸದರ ಪಕ್ಕ ಇಟ್ಟು ನೋಡುತ್ತಾರೆ. ಇಂಥ ಬದಲಾವಣೆಯನ್ನು ಯಾವ ತರಬೇತಿಯಲ್ಲೂ ನಾನು ಕಂಡಿರಲಿಲ್ಲ.

ಈಗ ತೊಡಕುಗಳು. ಎರಡನೇ ಸಲ ತುಂಬುವಾಗ ರೋಗಿ ಮೊದಲು ಬರೆದ ಅದೇ ಮಾತುಗಳು ಫಾರಂನಲ್ಲಿ ಇರಬೇಕು, ಇಲ್ಲದಿದ್ದರೆ ಮೊದಲು ಭುಜದ ನೋವು, ಆಮೇಲೆ ನಿದ್ದೆ ಅಂತಾಗಿ ಎರಡು ಅಂಕಗಳನ್ನು ಹೋಲಿಸುವುದರಲ್ಲಿ ಅರ್ಥವೇ ಇರುವುದಿಲ್ಲ. ಈ ನಕಲು ಮಾಡುವ ಕೆಲಸ ಯಾರದ್ದು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಚಿಕಿತ್ಸೆ ಕೊಟ್ಟವರ ಎದುರಲ್ಲೇ ಕೂರಿಸಿ ತುಂಬಿಸಬೇಡಿ, ಪಾಪ, ಅವರ ಮನಸ್ಸಿಗೆ ಬೇಜಾರಾಗಬಾರದು ಅಂತ ಜನ ಒಳ್ಳೆಯ ಅಂಕ ಹಾಕಿಬಿಡುತ್ತಾರೆ. ಮಧ್ಯದಲ್ಲೇ ಬರೋದು ಬಿಟ್ಟವರ ಲೆಕ್ಕವನ್ನೂ ಇಡಿ, ಗುಣ ಕಾಣದೆ ಬಿಟ್ಟವರು ಅವರಲ್ಲೇ ಇರಬಹುದು ಅಲ್ವಾ? ಅವರನ್ನು ಬಿಟ್ಟು ಸರಾಸರಿ ತೆಗೆದರೆ ಕೇಂದ್ರ ಇರೋದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಅಂಕ ಇಳಿಯಿತು ಅಂದಮಾತ್ರಕ್ಕೆ ಅದು ಚಿಕಿತ್ಸೆಯಿಂದಲೇ ಅಂತ ಹೇಳೋಕಾಗಲ್ಲ. ನೋವು ವಿಪರೀತ ಆದಾಗಲೇ ಜನ ಬಾಗಿಲಿಗೆ ಬರುವುದು, ಹಾಗಾಗಿ ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ಸ್ವಲ್ಪ ಇಳಿಯುವುದು ಸಹಜ. ಜೊತೆಗೆ ಅವರು ಮಾಮೂಲಿ ಮಾತ್ರೆಗಳನ್ನೂ ನುಂಗುತ್ತಿರುತ್ತಾರೆ. ಚಿಕಿತ್ಸೆ ಪಡೆಯದ ಗುಂಪಿನ ಜೊತೆ ಹೋಲಿಸದೆ ಕಾರಣ ಹೇಳುವುದು ತಪ್ಪು. ಈ ಮಿತಿಯನ್ನು ವರದಿಯ ಮೊದಲ ಪುಟದಲ್ಲೇ ಬರೆಯುವ ತಂಡವನ್ನು ನಾನು ಜಾಸ್ತಿ ನಂಬುತ್ತೇನೆ.

ಬೇರೆ ಕೇಂದ್ರಗಳ ಜೊತೆ ಹೋಲಿಸಬೇಕು ಅನ್ನುವವರಿಗೆ ಮೈಮಾಪ್ ಸಾಲದು, ಒಬ್ಬೊಬ್ಬರ ತೊಂದರೆ ಒಂದೊಂದು ಥರ ಇರುತ್ತದೆ. ಅವರಿಗೆ ಪ್ರಾಮಿಸ್-29 (PROMIS-29) ಅನ್ನುವ ಇನ್ನೊಂದು ಪ್ರಶ್ನಾವಳಿ ಸರಿ. ಎಲ್ಲರಿಗೂ ಅದೇ 29 ಪ್ರಶ್ನೆ. ನೋವು, ಆಯಾಸ, ನಿದ್ದೆಯಂಥ ವಿಷಯಗಳಿಗೆ ಬೇರೆ ಬೇರೆ ಅಂಕ ಬರುತ್ತದೆ, ಹೆಚ್ಚಿನವುಗಳಲ್ಲಿ 50 ಅಂದರೆ ಅಮೆರಿಕದ ಸಾಮಾನ್ಯ ಜನರ ಸರಾಸರಿ. ಆದರೆ ಸುಸ್ತಾಗಿ ಬಂದವರಿಗೆ ಅಷ್ಟೊಂದು ಪ್ರಶ್ನೆ ಕಷ್ಟ, ಅಂಕ ಲೆಕ್ಕ ಹಾಕೋಕೂ ಕೋಷ್ಟಕ ಅಥವಾ ಸಾಫ್ಟ್‌ವೇರ್ ಬೇಕು.

ಹೊಸದಾಗಿ ಶುರು ಮಾಡುವ ತಂಡಕ್ಕೆ ನಾನು ಮೈಮಾಪನ್ನೇ ಹೇಳುತ್ತೇನೆ. ಈ ಪ್ರಶ್ನಾವಳಿಗೆ ನಾನು ಕೊಡುವುದು 5ಕ್ಕೆ 4 ಅಂಕ. ಮೊದಲು ಒಂದೇ ವಿಭಾಗದಲ್ಲಿ ಬಳಸಿ ನೋಡಿ. ಎರಡನೇ ಫಾರಂಗಳು ಸರಿಯಾಗಿ ವಾಪಸ್ ಬರತೊಡಗಿದ ಮೇಲೆ ಉಳಿದ ವಿಭಾಗಗಳಿಗೆ ಕೊಡಿ.