ಗ್ಲೋ ಪ್ಲಗ್ ಪರೀಕ್ಷೆಗೆ ಯೂನಿ-ಟಿ ಯುಟಿ210ಇ: ಪುಟ್ಟ ಕ್ಲ್ಯಾಂಪ್ ಮೀಟರ್ ಎಷ್ಟು ಉಪಯೋಗ?

ಚಳಿಗಾಲದ ಬೆಳಿಗ್ಗೆ ಡೀಸೆಲ್ ಗಾಡಿ ಬಹಳ ಹೊತ್ತು ತಿರುಗಿಸಿದ ಮೇಲೆ ಸ್ಟಾರ್ಟ್ ಆಗಿ, ಒಂದು ನಿಮಿಷ ಬಿಳಿ ಹೊಗೆ ಬಿಡುತ್ತ ಮಿಸ್ಸಿಂಗ್ ಹೊಡೆದು, ಆಮೇಲೆ ಏನೂ ಆಗಿಲ್ಲವೆಂಬಂತೆ ಓಡಿದರೆ ಮೊದಲ ಅನುಮಾನ ಗ್ಲೋ ಪ್ಲಗ್ (ತಣ್ಣಗಿನ ಸಿಲಿಂಡರನ್ನು ಸ್ಟಾರ್ಟ್‌ಗೆ ಮುನ್ನ ಬಿಸಿ ಮಾಡುವ ಪುಟ್ಟ ಹೀಟರ್) ಮೇಲೆಯೇ. ಹೆಚ್ಚಿನವರು ಮಲ್ಟಿಮೀಟರ್ ಇಟ್ಟು, ಕಂಟಿನ್ಯುಟಿ ಬಂದರೆ ಪ್ಲಗ್ ಸರಿಯಿದೆ ಎಂದುಬಿಡುತ್ತಾರೆ. ತಪ್ಪಾಗುವುದು ಅಲ್ಲೇ. ಮಲ್ಟಿಮೀಟರ್ ಕಾಯಿಲ್ ತುಂಡಾಗಿದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಬಿಸಿಯಾಗುತ್ತಿದೆಯೋ ಇಲ್ಲವೋ ಎಂದು ಹೇಳುವುದು ಕರೆಂಟ್. ಅದಕ್ಕೆ ಡಿಸಿ (ಬ್ಯಾಟರಿಯ ಕರೆಂಟ್) ಅಳೆಯುವ ಕ್ಲ್ಯಾಂಪ್, ಅಂದರೆ ವೈರನ್ನು ಬಿಚ್ಚದೆ ಸುತ್ತ ಕಚ್ಚಿ ಕರೆಂಟ್ ಅಳೆಯುವ ಮೀಟರ್ ಬೇಕು. ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್ ತಂದರೆ ಕಾರಿನಲ್ಲಿ ಅದು ಸೊನ್ನೆಯನ್ನೇ ತೋರಿಸುತ್ತ ಕೂರುತ್ತದೆ.

ಹಳೆಯ ಮಾದರಿಯ 12 ವೋಲ್ಟ್ ಲೋಹದ ಪ್ಲಗ್‌ನಲ್ಲಿ ಎರಡು ಕಾಯಿಲ್ ಸಾಲಾಗಿರುತ್ತವೆ. ತುದಿಯದು ಬಿಸಿ ಮಾಡುತ್ತದೆ, ಹಿಂದಿನದು ಬಿಸಿಯಾದಂತೆ ತನ್ನ ರೆಸಿಸ್ಟೆನ್ಸ್ ಏರಿಸಿ ಕರೆಂಟನ್ನು ಇಳಿಸುತ್ತದೆ. ಹಾಗಾಗಿ ಒಳ್ಳೆಯ ಪ್ಲಗ್ ಮೊದಲ ಕ್ಷಣ ಸುಮಾರು 20 ಆಂಪ್ ಎಳೆದು, 20 ಸೆಕೆಂಡಿನೊಳಗೆ 10ರ ಆಸುಪಾಸಿಗೆ ಬರುತ್ತದೆ. ಈ ಇಳಿಜಾರನ್ನು ಕಣ್ಣಾರೆ ನೋಡುವುದಕ್ಕೇ ಈ ಮೀಟರ್.

ಯುಟಿ210ಇಯ ದವಡೆ 17 ಮಿ.ಮೀ. ತೆರೆಯುತ್ತದೆ. ದೊಡ್ಡ ಕ್ಲ್ಯಾಂಪ್‌ಗಳು ನುಗ್ಗದ ಇನ್‌ಟೇಕ್ ಪೈಪಿನ ಸಂದಿಯಲ್ಲೂ ಇದು ಹೋಗುತ್ತದೆ, ಗ್ಲೋ ಪ್ಲಗ್‌ನ ದಪ್ಪ ಫೀಡ್ ವೈರನ್ನು ಆರಾಮವಾಗಿ ಕಚ್ಚುತ್ತದೆ. ಡಿಸಿಯಲ್ಲಿ 2, 20 ಮತ್ತು 100 ಆಂಪ್ ರೇಂಜ್‌ಗಳಿವೆ. ಇಲ್ಲಿ ಬೇಕಾದದ್ದು 100ರದು. 2 ಆಂಪ್ ರೇಂಜ್ ಬೇರೆ ದಿನದ ಕೆಲಸಕ್ಕೆ. ರಾತ್ರಿ ಬ್ಯಾಟರಿ ಕುಡಿಯುವ ಲೀಕೇಜ್ ಹುಡುಕಲು ಅದು ಬಲು ಚೆನ್ನ.

ಪರೀಕ್ಷೆಗೆ ಎಂಜಿನ್ ಪೂರ್ತಿ ತಣ್ಣಗಿರಬೇಕು. ಕೂಲೆಂಟ್ ಬಿಸಿಯಿದ್ದರೆ ಇಸಿಯು (ಎಂಜಿನ್ ಕಂಪ್ಯೂಟರ್) ಪ್ಲಗ್‌ಗೆ ಕರೆಂಟ್ ಕೊಡುವುದೇ ಇಲ್ಲದಿರಬಹುದು, ಆಗ ಬರುವ ಸೊನ್ನೆ ದೋಷವಲ್ಲ. ಬ್ಯಾಟರಿ 12.4 ವೋಲ್ಟ್‌ಗಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ. ಮೀಟರನ್ನು ವೈರಿನ ಪಕ್ಕ ಅಳೆಯುವಾಗಿನ ಭಂಗಿಯಲ್ಲೇ ಹಿಡಿದು, ದವಡೆ ಮುಚ್ಚಿ, ಝೀರೋ ಬಟನ್ ಒತ್ತಿ. ಬೇರೆ ದಿಕ್ಕಿನಲ್ಲಿ ಝೀರೋ ಮಾಡಿ ತಿರುಗಿಸಿದರೆ ಭೂಮಿಯ ಕಾಂತಕ್ಷೇತ್ರವೇ ಅಂಕಿಯನ್ನು ಅಲುಗಿಸುತ್ತದೆ. 40 ಆಂಪ್ ಅಳೆಯುವಾಗ ಅದು ಲೆಕ್ಕಕ್ಕಿಲ್ಲ, ಲೀಕೇಜ್ ಅಳೆಯುವಾಗ ಇದೆ. ರಿಲೇಯಿಂದ (ಪ್ಲಗ್‌ಗೆ ಕರೆಂಟ್ ಬಿಡುವ ಸ್ವಿಚ್) ಪ್ಲಗ್‌ಗೆ ಹೋಗುವ ಒಂದೇ ವೈರಿಗೆ ಕ್ಲ್ಯಾಂಪ್ ಹಾಕಿ, ಇನ್ನೊಬ್ಬರು ಕೀ ಆನ್ ಮಾಡಲಿ. ಮೈನಸ್ ಚಿಹ್ನೆ ಬಂದರೆ ಗಾಬರಿ ಬೇಡ, ಕ್ಲ್ಯಾಂಪ್ ತಿರುಗಾಮುರುಗಾ ಆಗಿದೆ ಅಷ್ಟೆ.

ನಾಲ್ಕು ಸಿಲಿಂಡರಿಗೆ ಒಂದೇ ಬಸ್‌ಬಾರ್ (ಎಲ್ಲ ಪ್ಲಗ್‌ಗಳಿಗೂ ಕರೆಂಟ್ ಹಂಚುವ ಲೋಹದ ಪಟ್ಟಿ) ಇದ್ದರೆ 80 ಆಂಪ್ ಹತ್ತಿರ ಶುರುವಾಗಿ 40ಕ್ಕೆ ಇಳಿಯಬೇಕು. 30ರಲ್ಲಿ ನಿಂತರೆ ಒಂದು ಪ್ಲಗ್ ಸತ್ತಿದೆ, 20ರಲ್ಲಿ ನಿಂತರೆ ಎರಡು. ಶುರುವಿನಲ್ಲೇ ಕಡಿಮೆಯಿದ್ದು ಹೆಚ್ಚು ಇಳಿಯದೆ ಚಪ್ಪಟೆಯಾಗಿ ನಿಂತರೆ ಪ್ಲಗ್ ಬಿಚ್ಚುವ ಮೊದಲು ವೈರಿಂಗ್ ನೋಡಿ: ರಿಲೇ ಕಾಂಟ್ಯಾಕ್ಟ್ ಸುಟ್ಟಿರುತ್ತದೆ ಅಥವಾ ಟರ್ಮಿನಲ್ ಕಿಲುಬು ಹಿಡಿದಿರುತ್ತದೆ. ಇದೇ ಮೀಟರಿನ ಪ್ರೋಬ್‌ಗಳನ್ನು ಬ್ಯಾಟರಿ ಪ್ಲಸ್ ಮತ್ತು ಪ್ಲಗ್ ಟರ್ಮಿನಲ್ ನಡುವೆ ಇಟ್ಟು ಗ್ಲೋ ಆಗುವಾಗ ವೋಲ್ಟೇಜ್ ನೋಡಿ. 1 ವೋಲ್ಟ್ ದಾಟಿದರೆ ಕಳ್ಳ ಸಿಕ್ಕ ಹಾಗೆ. ಏನೂ ಬಾರದೆ ಸೊನ್ನೆಯಾದರೆ ಫ್ಯೂಸ್, ರಿಲೇ, ಕಂಟ್ರೋಲರ್, ಕೂಲೆಂಟ್ ಸೆನ್ಸರ್ ಈ ಸಾಲಿನಲ್ಲಿ ಹೋಗಿ. ಡ್ಯಾಶ್‌ಬೋರ್ಡಿನ ಸುರುಳಿ ದೀಪವನ್ನು ನಂಬಬೇಡಿ. ಪ್ಲಗ್ ಒಂದೂ ಕಾಯದಿದ್ದರೂ ಅದು ಹತ್ತಿ ಆರುವ ಗಾಡಿಗಳಿವೆ.

ಕುಂದುಗಳೂ ಇವೆ. ಕೆಲವು ಪ್ಲಗ್‌ಗಳು ಮೊದಲ ಕ್ಷಣ 25 ಆಂಪ್‌ವರೆಗೂ ಎಳೆಯುತ್ತವೆ. ನಾಲ್ಕೂ ಸೇರಿ 100 ಮುಟ್ಟಿದರೆ ಪರದೆಯಲ್ಲಿ ಓವರ್‌ಲೋಡ್ ಸೂಚನೆ ಬಂದು ಆರಂಭದ ಅಂಕಿ ತಪ್ಪಿಹೋಗುತ್ತದೆ. ಅಂಕಿ ಬದಲಾಗುವ ವೇಗವೂ ಸಾಲದು, ಮೊದಲ ಅರ್ಧ ಸೆಕೆಂಡಿನ ಏರಿಕೆ ಕಣ್ಣಿಗೆ ಬೀಳುವುದಿಲ್ಲ. ಇಳಿಕೆಯನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಆಮೇಲೆ ನಿಧಾನವಾಗಿ ಓದುವುದು ಲೇಸು.

ಯಾವ ಪ್ಲಗ್ ಸತ್ತಿದೆ ಎಂದು ಬಸ್‌ಬಾರ್ ಇರುವ ಎಂಜಿನ್‌ನಲ್ಲಿ ಕ್ಲ್ಯಾಂಪ್ ಹೇಳುವುದಿಲ್ಲ. ಬಾರ್ ಬಿಚ್ಚಿ ಒಂದೊಂದನ್ನೇ ಓಮ್‌ನಲ್ಲಿ ನೋಡಬೇಕು, ಇಲ್ಲಿ ಈ ಮೀಟರ್ ಸೋಲುತ್ತದೆ. ತಣ್ಣಗಿನ ಪ್ಲಗ್‌ನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 0.5ರಿಂದ 1.5 ಓಮ್, ಮೀಟರ್ ತೋರಿಸುವ ಅತಿ ಸಣ್ಣ ಹೆಜ್ಜೆಯೇ 0.1. ಅದರ ಮೇಲೆ ಪ್ರೋಬ್ ವೈರುಗಳ ರೆಸಿಸ್ಟೆನ್ಸ್ ಬೇರೆ. ಎರಡೂ ತುದಿ ಮುಟ್ಟಿಸಿ ಬಂದ ಅಂಕಿಯನ್ನು ಕಳೆದುಕೊಳ್ಳಿ. ತುಂಡಾದದ್ದು ಸ್ಪಷ್ಟವಾಗಿ ಗೊತ್ತಾಗುತ್ತದೆ, 0.6 ಮತ್ತು 0.7ರ ನಡುವಿನ ವಾದಕ್ಕೆ ಮಾತ್ರ ಇದನ್ನು ಸಾಕ್ಷಿ ಕರೆಯಬೇಡಿ.

ಪ್ರತಿ ಪ್ಲಗ್‌ಗೂ ಬೇರೆ ವೈರ್ ಇರುವ ಹೊಸ ಎಂಜಿನ್‌ಗಳಲ್ಲಿ ಆಟವೇ ಬೇರೆ. ಅಲ್ಲಿ ಪ್ಲಗ್‌ಗಳು 4.4, 5 ಅಥವಾ 7 ವೋಲ್ಟಿನವು, ಕಂಟ್ರೋಲರ್ ಕರೆಂಟನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ. ಮೀಟರ್ ತೋರಿಸುವುದು ಸರಾಸರಿ. ಅಂಕಿಗಿಂತ ನಾಲ್ಕನ್ನೂ ಒಂದಕ್ಕೊಂದು ಹೋಲಿಸುವುದೇ ಸರಿಯಾದ ದಾರಿ. ಸ್ಕ್ಯಾನರಿನಲ್ಲಿ ಪಿ0671ರಿಂದ ಪಿ0674ರವರೆಗಿನ (ಒಂದರಿಂದ ನಾಲ್ಕನೇ ಸಿಲಿಂಡರಿನ ಗ್ಲೋ ಪ್ಲಗ್ ದೋಷ) ಕೋಡ್ ಬಂದಿದ್ದರೆ ಆ ಸಿಲಿಂಡರಿನ ವೈರಿಗೇ ಮೊದಲು ಕ್ಲ್ಯಾಂಪ್ ಹಾಕಿ. ಇಂಥ ಪ್ಲಗ್‌ಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟು ಕೆಂಪಾಗುತ್ತದೋ ನೋಡುವ ಹಳೆಯ ಚಾಳಿ ಬೇಡವೇ ಬೇಡ, ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ವರ್ಷಕ್ಕೊಮ್ಮೆ ಒಂದೇ ಗಾಡಿ ನೋಡುವವರಿಗೆ 21 ವ್ಯಾಟ್ ಬಲ್ಬಿನ ಟೆಸ್ಟ್ ಲ್ಯಾಂಪ್ ಸಾಕಾದೀತು. ಎಲ್‌ಇಡಿಯದು ಬೇಡ, ಕೆಟ್ಟ ಸಂಪರ್ಕದಲ್ಲೂ ಅದು ಹತ್ತುತ್ತದೆ. ಪ್ಲಗ್ ಬಿಚ್ಚುವ ಮೊದಲೇ ಉತ್ತರ ಬೇಕೆನ್ನುವವರಿಗೆ ಯುಟಿ210ಇ ಖಂಡಿತ ಕೊಳ್ಳುವಂಥದ್ದು, ಏಕೆಂದರೆ ಬಿಚ್ಚುವುದೇ ಇಲ್ಲಿ ಅಪಾಯದ ಕೆಲಸ. ಇಂಗಾಲ ಕಟ್ಟಿದ ಎಂ8 (8 ಮಿ.ಮೀ. ತಿರುಪಿನ) ಪ್ಲಗ್ ಸುಮಾರು 20 ನ್ಯೂಟನ್ ಮೀಟರ್ ಮೀರಿದರೆ ಹೆಡ್‌ನಲ್ಲೇ ಮುರಿಯಬಹುದು. ಎಂಜಿನ್ ಬಿಸಿ ಮಾಡಿ, ಬುಡಕ್ಕೆ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು, ಟಾರ್ಕ್ ರೆಂಚ್‌ನಲ್ಲೇ ಸಡಿಲಿಸಿ. ಆ ಮಿತಿಗೂ ಅಲುಗದಿದ್ದರೆ ನಿಲ್ಲಿಸಿ ಮತ್ತೆ ಆಯಿಲ್ ಬಿಡಿ.