"ಸಮುದ್ರಕ್ಕೂ ಆಗುತ್ತೆ ಸಾರ್" ಅಂದರೆ ನಂಬಬೇಡಿ: ಏರ್‌ಬೋಟ್ ಹಲ್ ಕೊಳ್ಳುವವರಿಗೆ

ಕಾಫಿಗೆ ರೇಟ್ ಬಂದ ಮೇಲೆ ನನಗೆ ಗೊತ್ತಿರುವ ನಾಲ್ಕಾರು ಜನ ಬೆಳೆಗಾರರಿಗೆ ಬೋಟಿಂಗ್ ಹುಚ್ಚು ಹಿಡಿದಿದೆ. ಹೋಂಸ್ಟೇ ಸಾಕಾಯ್ತು, ಘಟ್ಟ ಇಳಿದು ಕರಾವಳಿಯಲ್ಲಿ ಏನಾದರೂ ಮಾಡೋಣ ಅಂತ. ಅದರಲ್ಲೂ ಏರ್‌ಬೋಟ್ ಬಗ್ಗೆ ಕೇಳುವವರು ಜಾಸ್ತಿ. ಹಿಂದೆ ದೊಡ್ಡ ಫ್ಯಾನು, ನೀರಿನ ಕೆಳಗೆ ಪ್ರೊಪೆಲ್ಲರ್ ಇಲ್ಲ, ಗೇಣುದ್ದ ನೀರಲ್ಲೂ ಓಡುತ್ತೆ. ವಿಡಿಯೋ ನೋಡಿದರೆ ಆಸೆ ಆಗೋದು ಸಹಜ. ದುಡ್ಡು ಕೊಡುವ ಮುಂಚೆ ನಮಗಾದದ್ದನ್ನು ಓದಿ.

ಉಡುಪಿ ಹತ್ತಿರದ ಕೋಡಿ ಬೆಂಗ್ರೆಯಲ್ಲಿ ಓಡಿಸಲು ಅಂತ ನಾನು, ಭಾವ ಸೇರಿ ಹೊರರಾಜ್ಯದ ಒಬ್ಬ ವ್ಯಾಪಾರಿಯಿಂದ ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ಹಲ್ ತರಿಸಿದೆವು. ಹಲ್ ಅಂದರೆ ಬೋಟಿನ ಬರೀ ಮೈ. ಎಂಜಿನ್ ಮತ್ತು ಫ್ಯಾನನ್ನು ಕುಶಾಲನಗರದ ಪರಿಚಯದ ಮೆಕ್ಯಾನಿಕ್ ಕೂರಿಸಿಕೊಟ್ಟರು. "ಮರೈನ್ ಗ್ರೇಡ್ ಸಾರ್, ಸಮುದ್ರಕ್ಕೂ ಆಗುತ್ತೆ" ಅಂತ ಮಾರಿದವನು ಫೋನಿನಲ್ಲಿ ಹೇಳಿದ್ದೇ ಹೇಳಿದ್ದು. ಬಿಲ್ಲಿನಲ್ಲಿ ಮಾತ್ರ "ಅಲ್ಯೂಮಿನಿಯಂ ಬೋಟ್ ಬಾಡಿ" ಅಂತಷ್ಟೇ ಇತ್ತು.

ಕೊಡಗಿನ ಸಿದ್ದಾಪುರದ ತೋಟದ ಕೆರೆಗೆ ಇಳಿಸಿದಾಗ ಬೆಣ್ಣೆ ಮೇಲೆ ಜಾರಿದ ಹಾಗೆ ಹೋಯಿತು. (ಪಟಾಕಿಗೆ ಜಗ್ಗದ ಕಾಡಾನೆಗಳೂ ಆ ಸದ್ದಿಗೆ ಕೆಲವು ದಿನ ಈ ಕಡೆ ತಲೆ ಹಾಕಲಿಲ್ಲ. ಈ ಬೋಟಿನಿಂದ ಆದ ಲಾಭ ಅದೊಂದೇ.) ಆದರೆ ಕೆರೆಯಲ್ಲಿ ಯಾವ ಹಲ್ ಬೇಕಾದರೂ ಪಾಸಾಗುತ್ತೆ.

ಕೋಡಿ ಬೆಂಗ್ರೆಯಲ್ಲಿ ಸೀತಾ ಮತ್ತು ಸ್ವರ್ಣಾ ನದಿಗಳು ಅರಬ್ಬಿ ಸಮುದ್ರ ಸೇರುತ್ತವೆ. ಹಿನ್ನೀರಿನ ಒಳಗೆ ತೊಂದರೆ ಇಲ್ಲ. ಅಳಿವೆ ಬಾಗಿಲಿನ ಹತ್ತಿರ ಬಂದರೆ ಎದುರು ಗಾಳಿ, ಇಳಿತದ ಸೆಳೆತ, ಗಿಡ್ಡ ಗಿಡ್ಡ ಅಲೆ. ಏರ್‌ಬೋಟ್ ಹೆಸರಾಗಿದ್ದು ಅಮೆರಿಕದ ಎವರ್‌ಗ್ಲೇಡ್ಸ್‌ನಂಥ ಜೌಗಿನಲ್ಲಿ. ಹುಲ್ಲು, ಕೆಸರಿನ ಮೇಲೆ ಜಾರಲಿ ಅಂತಲೇ ತಳ ಚಪ್ಪಟೆ. ಅದೇ ತಳ ಅಲೆಗೆ ಸಿಕ್ಕರೆ ಪ್ರತಿ ಅಲೆಗೂ ಧಡ್ ಧಡ್ ಅಂತ ಬಡಿಯುತ್ತೆ. ಅಲ್ಲಿನ ಹಿರಿಯ ಮೀನುಗಾರರೊಬ್ಬರು ಒಂದು ಸುತ್ತು ಹಾಕಿ ನೋಡಿ, "ಇದಕ್ಕೆ ಮೂಗೇ ಇಲ್ವಲ್ಲ, ನೀರು ಸೀಳೋದು ಹೇಗೆ?" ಅಂದರು. ಇನ್ನೊಂದು ವಿಷಯ. ಏರ್‌ಬೋಟಿಗೆ ಬ್ರೇಕ್ ಇಲ್ಲ. ಸಾಮಾನ್ಯವಾಗಿ ರಿವರ್ಸ್ ಕೂಡ ಇರಲ್ಲ. ತಿರುಗಿಸುವ ರಡ್ಡರ್‌ಗೆ ಫ್ಯಾನಿನ ಗಾಳಿ ಬೇಕು. ಅಲೆ ಕಂಡು ಹೆದರಿ ಆಕ್ಸಿಲರೇಟರ್ ಬಿಟ್ಟಿರೋ, ಸ್ಟೀರಿಂಗೂ ಹೋಯಿತು. ಹಿಂಭಾಗ ತಗ್ಗು ಬೇರೆ. ಹಿಂದಿನಿಂದ ಬಂದ ಅಲೆ ನೇರ ಒಳಗೆ.

ತುಕ್ಕಿನ ವಿಷಯಕ್ಕೆ ಬರುತ್ತೇನೆ. ನಮ್ಮ ಹಲ್‌ನ ತಳಕ್ಕೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಕಿ ಸ್ಟೇನ್‌ಲೆಸ್ ಬೋಲ್ಟ್ ಬಿಗಿದಿದ್ದರು. ಕಲ್ಲು, ಒಣನೆಲದ ಮೇಲೆ ಎಳೆಯುವವರಿಗೆ ಅದು ಒಳ್ಳೆಯದೇ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತೆ. ಆ ನೀರು ಹಾಳೆಗೂ ಲೋಹಕ್ಕೂ ಮಧ್ಯೆ ಸೇರಿಕೊಂಡರೆ ಒಣಗುವುದೇ ಇಲ್ಲ. ಬೇಸಿಗೆ ಬರುವಷ್ಟರಲ್ಲಿ ಒಳಗೆ ನೀರು ಜಿನುಗಲು ಶುರುವಾಯ್ತು. ಹಾಳೆ ಬಿಚ್ಚಿದೆವು. ಒಂದೊಂದು ಬೋಲ್ಟಿನ ಸುತ್ತಲೂ ಬಿಳಿ ಪುಡಿ. ಅದನ್ನು ಉಗುರಿನಲ್ಲಿ ಕೆರೆದರೆ ಕೆಳಗೆ ಗುಂಡಿ, ಕೆಲವು ಕಡೆ ಆಚೆಯ ಬೆಳಕೇ ಕಾಣುತ್ತಿತ್ತು. ಉಪ್ಪುನೀರಲ್ಲಿ ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡಿದ್ದರೆ ತಿಂದುಹೋಗುವುದು ಅಲ್ಯೂಮಿನಿಯಮ್ಮೇ. ನಡುವೆ ನೈಲಾನ್ ವಾಷರ್, ಪೇಸ್ಟ್ ಏನೂ ಹಾಕಿರಲಿಲ್ಲ. ಲೋಹ ಉಳಿಸಲು ಕೂರಿಸುವ ಆನೋಡ್ ಕೂಡ ಮೆಗ್ನೀಸಿಯಂನದು, ಅದು ಸಿಹಿನೀರಿನದು. ಉಪ್ಪುನೀರಿಗೆ ಸತು ಅಥವಾ ಅಲ್ಯೂಮಿನಿಯಂ ಆನೋಡ್ ಇರಬೇಕು. ಅಂದರೆ ಈ ಹಲ್ ಹುಟ್ಟಿದಾಗಿನಿಂದ ಉಪ್ಪು ಕಂಡದ್ದೇ ಇಲ್ಲ. ಅದು ಮಾರಿದವನಿಗೆ ಚೆನ್ನಾಗಿ ಗೊತ್ತಿತ್ತು.

"ಮರೈನ್ ಗ್ರೇಡ್" ಅನ್ನುವ ಬಾಯಿಮಾತು ಬೇಡ. 5083, 5086, 5052, ಹೀಗೆ ಮಿಶ್ರಲೋಹದ ನಂಬರ್ ಹೇಳಲಿ, ಮಿಲ್ ಟೆಸ್ಟ್ ಸರ್ಟಿಫಿಕೇಟ್ (ಲೋಹ ತಯಾರಿಸಿದವರ ಪರೀಕ್ಷಾ ಪತ್ರ) ಕೊಡಲಿ, ಬಿಲ್ಲಿನಲ್ಲೂ ಬರೆಯಲಿ. ಅಡಿಗೆ ಹಾಳೆ ಇದ್ದರೆ ಒಂದು ಮೂಲೆಯಾದರೂ ಬಿಚ್ಚಿಸಿ ನೋಡಿ. ತಾಮ್ರ ಇರುವ ಪೇಂಟ್ ಬಳಿದಿದ್ದರೆ ಮುಟ್ಟಲೇಬೇಡಿ, ತಾಮ್ರ ಅಲ್ಯೂಮಿನಿಯಂಗೆ ಶತ್ರು. ಇನ್ನೊಂದು, ಕಾಫಿ ತೂಗಿಸುವವರಿಗೆ ಸುಲಭದ್ದು: ವೇಬ್ರಿಡ್ಜ್‌ನಲ್ಲಿ ತೂಕ ಹಾಕಿಸಿ. ಕಾಗದದಲ್ಲಿ ಇರುವುದಕ್ಕಿಂತ ತುಂಬಾ ಜಾಸ್ತಿ ಬಂದರೆ ತೇಲಲಿ ಅಂತ ಒಳಗೆ ತುಂಬಿದ ಫೋಮ್ ನೀರು ಕುಡಿದಿರಬಹುದು.

ತೋಟದಿಂದ ಕರಾವಳಿಗೆ ಸಾಗಿಸಿದ್ದು ಇನ್ನೊಂದು ಕಥೆ. ಎಂಜಿನ್ ಬೇರೆ ಪಿಕಪ್‌ನಲ್ಲಿ ಹೋಯಿತು. ಹಲ್ ಲಾರಿಯಲ್ಲಿ, ಎರಡೇ ಎರಡು ಮರದ ದಿಮ್ಮಿ ಮೇಲೆ. ನಡುವಿನ ತಳಕ್ಕೆ ಆಧಾರವೇ ಇಲ್ಲ. ಮೇಲಿಂದ ಕಬ್ಬಿಣದ ಸರಪಳಿ, ಗೋಣಿಚೀಲ ಕೂಡ ಅಡ್ಡ ಇಟ್ಟಿರಲಿಲ್ಲ. ಲೋಡ್ ಮಾಡುವಾಗಲೇ ಭಾವ ಜಗಳ ಆಡಿದರು, ಡ್ರೈವರ್ ಕೇಳಲಿಲ್ಲ. ಸಂಪಾಜೆ ಘಾಟಿಯ ತಿರುವುಗಳನ್ನು ಇಳಿಯುವಷ್ಟರಲ್ಲಿ ಸರಪಳಿ ಅಂಚನ್ನು ಉಜ್ಜಿ ಸವೆಸಿತ್ತು, ತಳ ಮತ್ತು ಪಕ್ಕ ಸೇರುವ ಕಡೆ ವೆಲ್ಡಿಂಗ್ ಸೀಳಿತ್ತು. ಬೇಕಾಗಿದ್ದದ್ದು ಉದ್ದಕ್ಕೂ ತಳ ಹೊರುವ ಮರದ ತೊಟ್ಟಿಲು, ಅಗಲದ ಬಟ್ಟೆ ಬೆಲ್ಟು, ಅಷ್ಟೇ.

ಇನ್ಶೂರೆನ್ಸ್‌ನವರು "ಪ್ಯಾಕಿಂಗ್ ಸರಿಯಿಲ್ಲ" ಅಂತ ಕೈ ಚೆಲ್ಲಿದರು. ಲಾರಿ ರಸೀದಿಯಲ್ಲಿ ಸಣ್ಣಕ್ಷರದಲ್ಲಿ "ಓನರ್ಸ್ ರಿಸ್ಕ್", ಅಂದರೆ ನಷ್ಟ ಆದರೆ ಸರಕಿನ ಮಾಲೀಕನದೇ ಹೊಣೆ. ಹಲ್ ಲಾರಿಗೆ ಹತ್ತಿಸುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದು ಡ್ರೈವರ್ ಸಹಿ ಹಾಕಿಸಿಕೊಳ್ಳಿ. ಹೆಚ್ಚಿನ ಬಾಡಿಗೆ ಆದರೂ ಸರಿ, ಸರಕಿನ ಬೆಲೆ ರಸೀದಿಯಲ್ಲಿ ಬರೆಸಿ. ಬರೆಸದಿದ್ದರೆ ಸಾಗಣೆದಾರರ ಹೊಣೆ ಬಾಡಿಗೆಯ 10 ಪಟ್ಟಿಗೆ ನಿಲ್ಲುತ್ತೆ. 2007ರ ರಸ್ತೆ ಸಾಗಣೆ ಕಾಯ್ದೆ ಪ್ರಕಾರ ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸ್ ಕೊಡದೆ ಕೇಸ್ ಹಾಕಲು ಬರಲ್ಲ. ನಾವು ಕೊಟ್ಟಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.

ನನ್ನನ್ನು ಕೇಳಿದರೆ, ಅಳಿವೆ ದಾಟುವ ಯೋಚನೆ ಇರುವವರಿಗೆ ಏರ್‌ಬೋಟೇ ಬೇಡ. ವಿ ಆಕಾರದ ತಳ, ಔಟ್‌ಬೋರ್ಡ್ ಎಂಜಿನ್ ಇರುವ ಮಾಮೂಲಿ ಬೋಟೇ ವಾಸಿ. ಬರೀ ಹಿನ್ನೀರು, ಕೆಸರು ಅಂತಾದರೆ ಏರ್‌ಬೋಟ್ ಆದೀತು. ನಮಗೆ ಮಾರಿದವನು ಈಗ ಇನ್ನೊಂದು ಹಲ್ ಮಾರಾಟಕ್ಕೆ ಇಟ್ಟಿದ್ದಾನೆ. ಹಸಿರು ಪೇಂಟ್, ಅಡಿಗೆ ಅದೇ ಕಪ್ಪು ಹಾಳೆ, ಮಡಿಕೇರಿ ಕಡೆಯ ಇಬ್ಬರಿಗೆ ಆಗಲೇ ಫೋಟೋ ಹೋಗಿದೆ.